ಬೀಳದ ಚಿಲಕ

ಠಾಣೆಯಲ್ಲಿ ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಬೆನ್ನು ತಿರುಗಿಸಿ ತೋರಿಸುತ್ತೇನೆ. ಎಡಭುಜದ ಕೆಳಗೆ ಕಬ್ಬಿಣದ ಸರಳಿನ ಗುರುತು ಎರಡು ಬೆರಳಗಲ ಕೂತುಬಿಟ್ಟಿದೆ. ಹನ್ನೊಂದು ವರ್ಷದಿಂದ ನಾನು ಲಾಕಪ್ಪಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ. ಕಾಗದದಲ್ಲಿ ಮಹಿಳಾ ಪೇದೆ ಫಕೀರವ್ವ. ಊರವರ ಬಾಯಲ್ಲಿ ಮಾತ್ರ ಬಾಗಲದ ಫಕೀರವ್ವ.

ಆ ಬಾಗಿಲಿನ ಸಂಗತಿಯನ್ನು ನಮ್ಮೂರಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದವರು ಎರಡು ದಿನದಲ್ಲಿ ಕಲಿಯುತ್ತಾರೆ. ತಪ್ಪಿನಲ್ಲಿ ಪಾಲಿದ್ದವರೆಲ್ಲ ಒಳಗಿದ್ದರೆ ಹೊರಗಿನ ಚಿಲಕ ತಾನಾಗಿ ಖಟ್ ಎಂದು ಬೀಳುತ್ತದೆ. ಒಬ್ಬನೇ ಒಬ್ಬ ಹೊರಗುಳಿದರೂ ಬೀಳುವುದಿಲ್ಲ, ಬಾಗಿಲು ಮುಲುಗುತ್ತ ಒಂದು ಮೊಳ ತೆರೆದುಕೊಳ್ಳುತ್ತದೆ. ಬೀಗ ಹಾಕಿದರೆ ಬೀಗ ಬಾಯಿ ಬಿಡುತ್ತದೆ, ಸರಪಳಿ ಬಿಗಿದರೆ ಜಾರುತ್ತದೆ, ಕಲ್ಲಿಟ್ಟರೆ ಕಲ್ಲು ಉರುಳುತ್ತದೆ. ಮನುಷ್ಯರ ಬೆನ್ನಿಗೆ ಮಾತ್ರ ಅಷ್ಟಿಷ್ಟು ಮರ್ಯಾದೆ ಕೊಡುತ್ತದೆ.

ಒಮ್ಮೆ ಎತ್ತು ಕದ್ದವನನ್ನು ತಂದು ಕೂಡಿಸಿದರು, ಚಿಲಕ ಬೀಳಲಿಲ್ಲ. ಎತ್ತು ಕೊಂಡವನನ್ನು ತಂದರು, ಆಗಲೂ ಬೀಳಲಿಲ್ಲ. ಮೂರನೆಯ ದಿನ, ಗುರುತು ಸಿಗದಂತೆ ಎತ್ತಿನ ಕೊಂಬಿಗೆ ಬಣ್ಣ ಬಳಿದುಕೊಟ್ಟಿದ್ದ ಪೇಂಟರ್ ಊಟ ಮುಗಿಸಿಕೊಂಡು ತಾನೇ ಬಂದು ಒಳಗೆ ಕೂತ. ಖಟ್. ಊರವರು ಇದಕ್ಕೆ ಎಷ್ಟು ಹೊಂದಿಕೊಂಡಿದ್ದಾರೆಂದರೆ, ಹೊಡೆದಾಡಿಕೊಂಡವರು ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಠಾಣೆಗೆ ಬರುತ್ತಾರೆ. ಬೇಗ ಬಿದ್ದರೆ ಬೇಗ ಜಾಮೀನು. ರಸ್ತೆಯ ಆಚೆ ಕೋರ್ಟಿನಲ್ಲಿ ಕೂತ ಮ್ಯಾಜಿಸ್ಟ್ರೇಟರು ಆ ಸದ್ದು ಕೇಳಿದ ಮೇಲೆಯೇ ಕಾಗದಕ್ಕೆ ಮುದ್ರೆ ಒತ್ತಬೇಕು. ಠಾಣೆಯ ಡೈರಿಯಲ್ಲಿ ‘ಚಿಲಕ ಬಿದ್ದಿದೆ’ ಎಂಬ ಸಾಲಿಲ್ಲದಿದ್ದರೆ ಕೇಸು ಕೇಸೇ ಅಲ್ಲ. ಅಜ್ಜಂದಿರ ಕಾಲದ ಕಾಯಿದೆ ಇದು.

ಎಲ್ಲ ಕೇಸುಗಳಿಗೂ ಇದು ಸರಿಯಾಗಿ ನಡೆಯುತ್ತದೆ, ಹಿತ್ತಲ ಓಣಿಯ ಕೇಸೊಂದನ್ನು ಬಿಟ್ಟು. ಹಿತ್ತಲ ಓಣಿ ಎಂದರೆ ಸಂತೆಕಟ್ಟೆಯ ಹಿಂದೆ ಏಳು ಮನೆಗಳ ಸಾಲು. ಅಲ್ಲಿನ ಹೆಂಗಸರ ಬಾಳುವೆ ಏನೆಂಬುದು ಊರಿಗೆಲ್ಲ ಗೊತ್ತು. ಅಲ್ಲಿಗೆ ಯಾರು ಯಾರು ಹೋಗುತ್ತಾರೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ನಮ್ಮವರು ದಾಳಿ ಮಾಡುವುದು ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲು ನೆತ್ತಿ ಸುಡುವಾಗ. ಹೆಂಗಸರನ್ನು ಹಿಡಿದು ತರುತ್ತಾರೆ. ಡೈರಿಯಲ್ಲಿ ಬರೆಯುವುದು: ‘ಗಂಡಸು ಅಪರಿಚಿತ, ಕತ್ತಲಲ್ಲಿ ಓಡಿಹೋದ.’ ಹತ್ತು ಗಂಟೆ ಬೆಳಗಿಗೆ ಯಾವ ಕತ್ತಲು ಎಂದು ಮೊದಲ ವರ್ಷ ನಾನು ಕೇಳಿದೆ. ಆಗಿನ ಇನ್‌ಸ್ಪೆಕ್ಟರು, “ಮನಿ ಒಳಗ ಕತ್ತಲ ಇರೂದಿಲ್ಲೇನು?” ಎಂದರು. ಓಡಿಹೋದ ಅಪರಿಚಿತರು ಬಿಟ್ಟ ಚಪ್ಪಲಿಗಳೇ ಜಪ್ತಿ ಸಾಮಾನಿಡುವ ನಮ್ಮ ಮಾಲಖಾನೆಯಲ್ಲಿ ನಲವತ್ತೆರಡು ಜೊತೆ ಇದ್ದವು. ಹವಾಲ್ದಾರ್ ಗುರುಪಾದಪ್ಪ ಅದರಲ್ಲಿ ಒಳ್ಳೊಳ್ಳೆಯವನ್ನು ಆರಿಸಿ ಹಾಕಿಕೊಳ್ಳುತ್ತಿದ್ದ. ಒಂದು ಸಲ ಬಜಾರಿನಲ್ಲಿ ಅವನ ಕಾಲು ನೋಡಿ ಒಬ್ಬ ದೊಡ್ಡ ಮನುಷ್ಯ ಥಟ್ಟನೆ ದಾರಿ ಬದಲಿಸಿದ್ದನ್ನು ನಾನೇ ಕಂಡಿದ್ದೇನೆ.

ಹೆಂಗಸರನ್ನಷ್ಟೇ ಕೂಡಿಸಿದರೆ ಚಿಲಕ ಎಲ್ಲಿಂದ ಬೀಳಬೇಕು? ಇದಕ್ಕೆ ಇಲಾಖೆ ಹುಡುಕಿದ ಉಪಾಯವೇ ನಾನು. ಬೆನ್ನು ಕೊಟ್ಟು ಬಾಗಿಲು ಹಿಡಿಯಬೇಕು, ಆಮೇಲೆ ಲಾಠಿಯಿಂದ ಸರಳಿಗೆ ಖಟ್ ಎಂದು ಒಂದೇಟು ಹೊಡೆಯಬೇಕು, ಡೈರಿಯಲ್ಲಿ ‘ಚಿಲಕ ಬಿದ್ದಿದೆ’ ಎಂದು ಬರೆದು ಸಹಿ ಹಾಕಬೇಕು. ನೌಕರಿಗೆ ಸೇರಿದಾಗ ಕಳ್ಳರನ್ನು ಹಿಡಿಯುತ್ತೇನೆ ಎಂದು ಅವ್ವನ ಮುಂದೆ ಜಂಬ ಕೊಚ್ಚಿದ್ದೆ. ಹಿಡಿದದ್ದು ಬಾಗಿಲು.

ಒಳಗಿನ ಹೆಂಗಸರಿಗೂ ಅಭ್ಯಾಸವಾಗಿಹೋಗಿತ್ತು. ನಾನು ಚಹಾಕ್ಕೆ ಎದ್ದರೆ ಅವರೇ ಒಳಗಿನಿಂದ ಸರಳು ಜಗ್ಗಿ ಹಿಡಿಯುತ್ತಿದ್ದರು. “ಓಡಿ ಹೋಗಬಾರ್ದೇನ್ರೇ?” ಎಂದು ಒಮ್ಮೆ ಸಿಟ್ಟಿನಲ್ಲಿ ಕೇಳಿದ್ದಕ್ಕೆ ಕಸ್ತೂರಿ ನಕ್ಕಳು. “ಓಡಿ ಎಲ್ಲಿಗೆ ಹೋಗೂದಕ್ಕಾ? ನಮ್ಮ ಮನಿ ಊರಾಗ ಯಾರಿಗೆ ಗೊತ್ತಿಲ್ಲ? ನಾವ್ ಓಡಿದ್ರ ನಿನ್ ನೌಕರಿ ಹೋಗತೈತಿ. ನಿನ್ ಜಾಗಾಕ್ಕ ಯಾವಾಕಿ ಬರ್ತಾಳೋ ಏನೋ. ನೀ ಬೈದ್ರೂ ನೀರ ಕೊಡ್ತಿ.” ನಾನು ಬೈದೆ. ಆಮೇಲೆ ನೀರು ಕೊಟ್ಟೆ.

ಕಸ್ತೂರಿಗೆ ನಲವತ್ತರ ಹತ್ತಿರ. ಅವಳ ಜೊತೆ ತಾರಾಬಾಯಿ ಎಂಬ ಮುದುಕಿ ಇರುತ್ತಿದ್ದಳು. ಹೆತ್ತ ತಾಯಿಯಲ್ಲ, ಹದಿನಾಲ್ಕರ ಹುಡುಗಿಯನ್ನು ಯಾರೋ ಓಣಿಯ ಬಾಯಲ್ಲಿ ಬಿಟ್ಟು ಹೋದಾಗ ಒಳಗೆ ಕರೆದು ಅನ್ನ ಹಾಕಿದವಳು. ಈಗ ಮುದುಕಿಯ ಎರಡು ಕಣ್ಣಿಗೂ ಪೊರೆ ಬಂದು ಬೆಳಕು ಕತ್ತಲು ಅಷ್ಟೇ ತಿಳಿಯುತ್ತಿತ್ತು. ಕಸ್ತೂರಿಯ ಹೆಗಲ ಮೇಲೆ ಕೈ ಇಟ್ಟೇ ಅವಳು ಬಾವಿಗೂ ಬಯಲಿಗೂ ಹೋಗಬೇಕು. ಮನೆಯಲ್ಲಿದ್ದಳು ಎಂಬ ಒಂದೇ ತಪ್ಪಿಗೆ ಪ್ರತಿ ದಾಳಿಯಲ್ಲೂ ಅವಳನ್ನೂ ಎತ್ತಿ ತರುತ್ತಿದ್ದರು. ಕಸ್ತೂರಿಯ ಮೇಲೆ ಆಗಲೇ ಎರಡು ಕೇಸು ದಾಖಲಾಗಿದ್ದವು. ನಮ್ಮೂರ ಕಾಯಿದೆಯಂತೆ ಮೂರನೆಯದು ದಾಖಲಾದರೆ ಗಡಿಪಾರು: ಹೊಳೆಯ ಆಚೆ ಬಿಟ್ಟು ಬರುತ್ತಾರೆ, ಮತ್ತೆ ಈಚೆ ಕಾಲಿಡುವಂತಿಲ್ಲ. ಅರವತ್ತು ದಾಟಿದವರಿಗೆ ಗಡಿಪಾರಿಲ್ಲ. ಅಂದರೆ ತಾರಾಬಾಯಿ ಇಲ್ಲೇ ಉಳಿಯಬೇಕು, ಒಬ್ಬಳೇ. ಕಾಯಿದೆ ಬರೆದವರು ಇದನ್ನು ದಯೆ ಎಂದೇ ತಿಳಿದಿರಬೇಕು.

ಹಿಂಗಿರುವಾಗ ಹೊಸ ಇನ್‌ಸ್ಪೆಕ್ಟರ್ ಪಶುಪತಿ ಬಂದರು. ತೆಂಕಣ ಸೀಮೆಯವರು, ಇಸ್ತ್ರಿಯ ಗೆರೆ ಕತ್ತಿಯಂತಿದ್ದ ಪ್ಯಾಂಟು. ಮೊದಲ ದಿನವೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, “ನೋಡ್ರೀ, ಈ ಸ್ಟೇಷನ್‌ನಲ್ಲಿ ಹೆಂಗಸ್ರನ್ನ ಮಾತ್ರ ಹಿಡೀತಾರೆ ಅಂತ ಕೇಳ್ಪಟ್ಟೆ. ಇದು ಅನ್ಯಾಯ. ಇನ್ಮೇಲೆ ಗಂಡಸ್ರನ್ನೂ ಹಿಡೀಬೇಕು. ನ್ಯಾಯ ಅಂದ್ರೆ ಎಲ್ಲಾರ್ಗೂ ಒಂದೇ” ಎಂದರು. ಸುಳ್ಳೇಕೆ ಹೇಳಲಿ, ಆ ಮಾತು ಕೇಳಿ ನನ್ನ ಬೆನ್ನೇ ಅರ್ಧ ನೆಟ್ಟಗಾಯಿತು. ಸುದ್ದಿ ಊರಲ್ಲೆಲ್ಲ ಹಬ್ಬಿತು. ಭಾನುವಾರ ಊರಿನ ಸತ್ಕಾರ ಸಮಿತಿಯವರು ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಸಮದೃಷ್ಟಿಯ ಅಧಿಕಾರಿ’ ಎಂದು ಹೊಗಳಿದರು. ಸಮಿತಿಯ ಅಧ್ಯಕ್ಷರು ಸ್ವತಃ ಮೈಕು ಹಿಡಿದು ಅರ್ಧ ತಾಸು ಮಾತಾಡಿದರು. ಬಿಳಿ ಅಂಗಿ, ಕೆಂಪು ಅಂಚಿನ ಕೊಲ್ಲಾಪುರಿ ಚಪ್ಪಲಿ. ಆ ಚಪ್ಪಲಿ ನೆನಪಿಟ್ಟುಕೊಳ್ಳಿ.

ಮಂಗಳವಾರ ಬೆಳಿಗ್ಗೆ ದಾಳಿ. ನಾನೂ ಹೋಗಿದ್ದೆ, ಹೆಂಗಸರ ಕೈ ಹಿಡಿಯಲು ಹೆಂಗಸು ಬೇಕಲ್ಲ. ಕಸ್ತೂರಿಯ ಮನೆಯ ಮುಂದಿನ ಬಾಗಿಲನ್ನು ಗುರುಪಾದಪ್ಪ ತಟ್ಟಿದ, ಹಿಂದಿನ ಬಾಗಿಲಿಗೆ ನಾನು ಮತ್ತು ಸಾಹೇಬರು ನಿಂತೆವು. ಹಿಂದಿನ ಬಾಗಿಲು ತೆರೆಯಿತು. ಬರಿಗಾಲಲ್ಲಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಸತ್ಕಾರ ಸಮಿತಿಯ ಅಧ್ಯಕ್ಷರು ಹೊರಗೆ ಬಂದರು. ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಭಾನುವಾರದ ಶಾಲು ಇನ್ನೂ ಸಾಹೇಬರ ಮನೆಯ ಹಗ್ಗದ ಮೇಲೆ ಒಣಗುತ್ತಿರಬೇಕು. “ಅಧ್ಯಕ್ಷರೇ, ಈ ಕಡೆ ಮುಳ್ಳಿದೆ, ಆ ಕಡೆಯಿಂದ ಹೋಗಿ” ಎಂದರು ಸಾಹೇಬರು. ನನ್ನ ಕಡೆ ತಿರುಗಿ, “ಯಾರೂ ಇಲ್ಲ ಅಲ್ವಾ ಈ ಕಡೆ?” ಎಂದು ಕೇಳಿದರು. ನಾನು ಮುಳ್ಳು ನೋಡುತ್ತ ನಿಂತೆ.

ಆದರೆ ಗಂಡಸನ್ನು ಹಿಡಿಯುತ್ತೇವೆಂದು ಊರಿಗೆಲ್ಲ ಸಾರಿಯಾಗಿದೆ, ಬರಿಗೈಯಲ್ಲಿ ಹೋಗುವುದು ಹೇಗೆ? ಮುಂದಿನ ಬಾಗಿಲಲ್ಲಿ ಗುರುಪಾದಪ್ಪ ಒಬ್ಬನ ರಟ್ಟೆ ಹಿಡಿದು ನಿಂತಿದ್ದ. ಹಾಲು ಮಾರುವ ಅಡಿವೆಪ್ಪ. ಕೈಯಲ್ಲಿ ಹಾಲಿನ ಕ್ಯಾನು ಇತ್ತು, ಅಳೆಯುವ ಸೇರು ಕ್ಯಾನಿನ ಕಂಠಕ್ಕೆ ತೂಗುತ್ತಿತ್ತು. “ಸಾಹೇಬ್ರ, ನಾ ಹಾಲ ಹಾಕಾಕ ಬಂದಿದ್ನ್ರಿ. ಇಪ್ಪತ್ತ ವರ್ಷ ಆತ್ರಿ ಈ ಮನಿಗೆ ಹಾಲ ಹಾಕಾಕತ್ತು” ಎಂದು ಹೇಳುತ್ತಲೇ ಇದ್ದ. “ಇಪ್ಪತ್ತು ವರ್ಷದಿಂದ ಬರ್ತಿದೀಯಾ? ಬರ್ಕೊಳ್ಳಿ” ಎಂದರು ಸಾಹೇಬರು. ಹಣ್ಣು ತಿಂದವ ನುಣುಚಿಕೊಂಡ, ಸಿಪ್ಪೆ ತಿಂದವ ಸಿಕ್ಕಿಕೊಂಡ ಎನ್ನುತ್ತಾರೆ. ಈ ಬಡಪಾಯಿ ಸಿಪ್ಪೆಯನ್ನೂ ಕಂಡವನಲ್ಲ.

ನಮ್ಮ ಠಾಣೆಗಿರುವುದು ಒಂದೇ ಲಾಕಪ್ಪು. ಕಸ್ತೂರಿ, ತಾರಾಬಾಯಿ, ಅಡಿವೆಪ್ಪ ಮೂವರನ್ನೂ ಒಳಗೆ ಬಿಟ್ಟೆವು. ಅಡಿವೆಪ್ಪ ಸಂಕೋಚದಿಂದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಸಾಹೇಬರು ಕೈ ಕಟ್ಟಿ ಚಿಲಕವನ್ನೇ ನೋಡುತ್ತ ನಿಂತರು. ಇಂಥ ನ್ಯಾಯವಂತನ ಕೈಯಲ್ಲಿ ಅದು ಬೀಳದೆ ಎಲ್ಲಿಗೆ ಹೋಗುತ್ತದೆ ಎಂಬ ಭರವಸೆ ಮುಖದ ಮೇಲೆ. ಬಾಗಿಲು ಮುಲುಗಿತು, ಒಂದು ಮೊಳ ತೆರೆದುಕೊಂಡಿತು. ಅವರು ತಾವೇ ದೂಡಿದರು. ಮತ್ತೆ ಮುಲುಗಿತು.

“ಬಾಗಿಲು ಕೆಟ್ಟಿದೆ” ಎಂದರು ಸಾಹೇಬರು. ಬಡಿಗೇರ ಮೌನೇಶಪ್ಪನನ್ನು ಕರೆಸಿದರು. ಎರಡು ವರ್ಷಕ್ಕೊಬ್ಬ ಹೊಸ ಇನ್‌ಸ್ಪೆಕ್ಟರ್ ಬರುತ್ತಾನೆ, ಪ್ರತಿಯೊಬ್ಬನೂ ಮೌನೇಶಪ್ಪನನ್ನು ಕರೆಸುತ್ತಾನೆ. ಆತ ಈಗ ಉಳಿ ಬಾಚಿ ತರುವುದನ್ನೂ ಬಿಟ್ಟಿದ್ದ. ಎಲೆ ಅಡಿಕೆ ಅಗಿಯುತ್ತ ಬಾಗಿಲನ್ನು ಎರಡು ಸಲ ಅತ್ತಿತ್ತ ಆಡಿಸಿದ. “ಬಾಗ್ಲಾ ಸರಿ ಐತ್ರಿ. ಮಂದಿ ಕಡಿಮಿ ಬಿದ್ದಾರ” ಎಂದು ಹೇಳಿ ಎದ್ದು ಹೋದ.

ಕುಣಿಯಲಾರದ ಸೂಳೆ ನೆಲ ಡೊಂಕು ಎಂದಳಂತೆ ಎಂಬ ಗಾದೆ ಆಗ ನನ್ನ ಬಾಯಿಗೆ ಬಂತು, ಸಾಹೇಬರನ್ನು ನೋಡಿಯೇ ಬಂತು. ಆದರೆ ಗಾದೆಯಲ್ಲೂ ಅವಳನ್ನೇ ಹಿಡಿದು ತಂದಿದ್ದಾರಲ್ಲ ಎಂದು ಹೊಳೆದು ನುಂಗಿಕೊಂಡೆ.

“ಏನಮ್ಮ ಫಕೀರವ್ವ, ಈ ಮುಂಚೆ ಹೆಂಗ್ ಮಾಡ್ತಿದ್ರಿ?” ಎಂದು ಸಾಹೇಬರು ದನಿ ತಗ್ಗಿಸಿ ಕೇಳಿದರು. ನಾನು ಹೇಳಿದೆ: ಬೆನ್ನು, ಲಾಠಿ, ಡೈರಿ. ಅವರು ಪ್ಯಾಂಟಿನ ಇಸ್ತ್ರಿಯ ಗೆರೆಯನ್ನು ಬೆರಳಿನಿಂದ ಸವರಿಕೊಂಡರು. ಅವರಿಗೆ ನಾಚಿಕೆಯಾಗುತ್ತಿದೆ ಎಂದು ನಾನು ತಿಳಿದೆ, ಆಗಿದ್ದೂ ಹೌದೇನೋ. “ಸರಿ, ಹಾಗೇ ಮಾಡಿ. ಈ ಒಂದು ಸಲ. ಮುಂದಿನ್ ಸಲದಿಂದ ಕರೆಕ್ಟಾಗಿ ಮಾಡೋಣ” ಎಂದರು. ನನಗೆ ಗೊತ್ತಿರುವ ಆರು ಇನ್‌ಸ್ಪೆಕ್ಟರುಗಳಲ್ಲಿ ಆರೂ ಮಂದಿ ಇದೇ ಮಾತು ಹೇಳಿದ್ದರು.

“ಸಾಹೇಬ್ರ, ಇದು ಕಸ್ತೂರಿದು ಮೂರನೇದ್ರಿ” ಎಂದೆ.

“ಡೈರಿ ಬರೀರಿ.”

ಅವರು ಹೇಳಿದರು, ನಾನು ಬರೆದೆ. ಇಬ್ಬರು ಹೆಂಗಸರು, ಒಬ್ಬ ಗಂಡಸು, ಚಿಲಕ ಬಿದ್ದಿದೆ. ಸಹಿ ಹಾಕುವಾಗ ಪೆನ್ನು ಎರಡು ಸಲ ನಿಂತಿತು. ಶಾಯಿ ಮುಗಿದಿರಲಿಲ್ಲ. ಲಾಠಿ ಎತ್ತಿ ಸರಳಿಗೆ ಹೊಡೆದೆ, ಖಟ್. ಏನು ಬರೆದಿದೆ ಎಂದು ನೋಡದೆಯೇ ಗುರುಪಾದಪ್ಪ ಕಾಗದ ಹಿಡಿದು ರಸ್ತೆ ದಾಟಿದ. ಅವನ ಕಾಲಲ್ಲಿ ಆಗಲೇ ಕೆಂಪು ಅಂಚಿನ ಕೊಲ್ಲಾಪುರಿ ಇತ್ತು. ಹತ್ತು ನಿಮಿಷದಲ್ಲಿ ಮುದ್ರೆ ಬಿದ್ದು ವಾಪಸು ಬಂತು. ಗಡಿಪಾರಿನ ಹುಕುಮನ್ನು ಮಾತ್ರ ಮ್ಯಾಜಿಸ್ಟ್ರೇಟರು ತಾವೇ ಲಾಕಪ್ಪಿನ ಮುಂದೆ ನಿಂತು ಓದಿ ಹೇಳಬೇಕು. ಊಟ ಮುಗಿಸಿ ಎರಡು ಗಂಟೆಗೆ ಬರುತ್ತಾರೆಂದು ಗೊತ್ತಾಯಿತು.

ನಾನು ಸ್ಟೂಲು ಎಳೆದುಕೊಂಡು ಬೆನ್ನು ಕೊಟ್ಟೆ. ಒಳಗೆ ಅಡಿವೆಪ್ಪ ಗೋಡೆಯ ಕಡೆ ಮುಖ ಇಟ್ಟುಕೊಂಡೇ, “ಅವ್ವಾರ, ಹಾಲ ಒಡದ ಹೊಕ್ಕೈತ್ರಿ. ಒಡಿಯೂದ್ರಾಗ ಕುಡೀರಿ” ಎಂದ. ಸೇರಿನಲ್ಲಿ ಅಳೆದು ಇಬ್ಬರಿಗೂ ಕೊಟ್ಟ, ಸರಳಿನ ಸಂದಿಯಿಂದ ನನಗೂ ಕೊಟ್ಟ. ಬೇಡ ಎಂದೆ. “ಕುಡಿಯವ್ವಾ, ನಿಂದೇನ್ ತಪ್ಪೈತಿ” ಎಂದ. ಆ ಮಾತು ಕೇಳಿ ಸೇರನ್ನು ಹಾಗೆಯೇ ವಾಪಸು ಕೊಟ್ಟೆ.

ಆಮೇಲೆ ನನ್ನ ಬೆನ್ನ ಹಿಂದೆ ಹೆಜ್ಜೆಯ ಸದ್ದು ಶುರುವಾಯಿತು. ಗೋಡೆಯಿಂದ ಗೋಡೆಗೆ, ಮತ್ತೆ ಗೋಡೆಯಿಂದ ಗೋಡೆಗೆ. ತಿರುಗಿ ನೋಡಿದೆ. ಕಸ್ತೂರಿ ಬದಿಗೆ ನಿಂತಿದ್ದಳು. ತಾರಾಬಾಯಿ ಎರಡೂ ಕೈ ಮುಂದೆ ಚಾಚಿ ಒಬ್ಬಳೇ ನಡೆಯುತ್ತಿದ್ದಳು.

“ಹೊಸ್ತಿಲದಿಂದ ಹದಿನೆಂಟ ಹೆಜ್ಜಿ. ಅಲ್ಲಿ ಬೇವಿನ ಗಿಡ ಕೈಗೆ ಸಿಗತೈತಿ. ಗಿಡಾ ಮುಟ್ಟಿ ಬಲಕ್ಕ ಹೊಳ್ಳು. ಮತ್ತ ಹನ್ನೆರಡ ಹೆಜ್ಜಿ, ಬಾವಿ ಕಟ್ಟಿ.”

“ಹದಿನೆಂಟ, ಬಲಕ್ಕ, ಹನ್ನೆರಡ” ಎಂದಳು ಮುದುಕಿ. ಎಣಿಸುತ್ತ ನಡೆದು ಗೋಡೆಗೆ ಹಣೆ ಬಡಿಸಿಕೊಂಡಳು. “ಎಲ್ಲಿ ಗಿಡ?”

“ಇಲ್ಲಿ ಜಾಗಾ ಸಾಲೂದಿಲ್ಲಬೇ. ಏಳಕ್ಕ ಹೊಳ್ಳಬೇಕು. ಇನ್ನೊಮ್ಮಿ ಎಣಸು.”

“ಹಗ್ಗಾ ಬಿಡೂದು ಹೆಂಗ? ಗಡಗಡಿ ಎಡಕ್ಕೋ ಬಲಕ್ಕೋ?”

“ಎಡಕ್ಕ. ಕಟ್ಟಿ ಮ್ಯಾಲ ಕುಂತ ಬಿಡು. ನಿಂತು ಬಗ್ಗಬ್ಯಾಡ.” ಕಸ್ತೂರಿಯ ದನಿ ಗಟ್ಟಿಯಾಗಿಯೇ ಇತ್ತು. “ಬಗ್ಗಬ್ಯಾಡ ಅಂದೆ, ತಿಳೀತಿಲ್ಲೋ?”

“ತಿಳೀತು. ಮಳಿ ಬಂದ ದಿನ ಜಾರತೈತಿ ಅಲ್ಲಿ.”

“ಮಳಿ ಬಂದ ದಿನ ಹೋಗಬ್ಯಾಡ.”

“ಮತ್ತ ನೀರು?”

ಕಸ್ತೂರಿ ಅವಳ ಭುಜ ಹಿಡಿದು ಮೊದಲಿನ ಗೋಡೆಯ ಕಡೆ ತಿರುಗಿಸಿದಳು. ಮುದುಕಿ ಮತ್ತೆ ಒಂದರಿಂದ ಎಣಿಸತೊಡಗಿದಳು. ಅವಳು ಏಳಕ್ಕೆ ಬಂದಾಗಲೆಲ್ಲ ನನ್ನ ಬೆನ್ನಿನ ಹತ್ತಿರ ಬಂದು ನಿಲ್ಲುತ್ತಿದ್ದಳು, ಅವಳ ಬೆರಳು ಸರಳು ದಾಟಿ ನನ್ನ ಭುಜಕ್ಕೆ ತಾಗುತ್ತಿತ್ತು. “ಇದು ಗಿಡ” ಎನ್ನುತ್ತಿದ್ದಳು. ಹದಿನೈದು ಇಪ್ಪತ್ತು ಸಲ ಹೀಗಾಯಿತು. ನನಗೆ ಯಾರ ಮೇಲೆ ಸಿಟ್ಟು ಬರುತ್ತಿದೆ ಎಂಬುದೇ ತಿಳಿಯಲಿಲ್ಲ. ಅಧ್ಯಕ್ಷರ ಮೇಲೆ ಬಂತು, ಸಾಹೇಬರ ಮೇಲೆ ಬಂತು, ಆ ಚಪ್ಪಲಿಯ ಮೇಲೆ ಬಂತು, ಎಲ್ಲ ಸುತ್ತಿ ಕೊನೆಗೆ ನನ್ನ ಬೆನ್ನಿನ ಮೇಲೆಯೇ ಬಂದು ನಿಂತಿತು. ಹನ್ನೊಂದು ವರ್ಷದಲ್ಲಿ ಆ ಬಾಗಿಲು ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಅದರ ಬಾಯಿ ಮುಚ್ಚಿದವಳು ನಾನು.

ಎರಡು ಗಂಟೆಗೆ ಮ್ಯಾಜಿಸ್ಟ್ರೇಟ್ ಇನಾಮದಾರ ಸಾಹೇಬರು ಬಂದರು. ತೂಕದ ಮನುಷ್ಯ, ಊಟದ ನಂತರದ ನಿದ್ದೆ ಕಣ್ಣಲ್ಲಿತ್ತು. ಪಶುಪತಿ ಸಾಹೇಬರು ಪಕ್ಕದಲ್ಲಿ ಅಟೆನ್ಷನ್ ನಿಂತರು. ಇನಾಮದಾರರು ಕನ್ನಡಕ ಏರಿಸಿ ಹುಕುಮು ಓದತೊಡಗಿದರು. ‘ಚಿಲಕ ಬಿದ್ದಿರುವುದರಿಂದ’ ಎಂದು ಅವರು ಓದಿದಾಗ ನಾನು ಸ್ಟೂಲಿನಿಂದ ಎದ್ದೆ.

ಇಷ್ಟೇ ನಾನು ಮಾಡಿದ್ದು. ಕಾಲು ಜೋಮು ಹಿಡಿದಿತ್ತು ಎಂದು ಆಮೇಲೆ ಹೇಳಬಹುದಿತ್ತು. ಬಾಗಿಲು ಮುಲುಗಿತು, ನಿಧಾನವಾಗಿ ತೆರೆದು, ಅವರ ಕೈಯಲ್ಲಿದ್ದ ಕಾಗದಕ್ಕೆ ತಾಗಿ ನಿಂತಿತು.

“ಏನಿದು?” ಎಂದರು ಇನಾಮದಾರರು. “ಚಿಲಕಾ ಬಿದ್ದದ ಅಂತ ಬರದೀರಲ್ಲ?”

“ಸಾರ್, ಅದು ಬಾಗಿಲು ಹಳೇದು ಸಾರ್. ಬಿದ್ದಿತ್ತು, ಮತ್ತೆ ಎದ್ದಿದೆ” ಎಂದರು ಪಶುಪತಿ.

“ಬಿದ್ದಿಲ್ರಿ” ಎಂದೆ ನಾನು. ನನ್ನ ದನಿ ನನಗೇ ಕರ್ಕಶವಾಗಿ ಕೇಳಿತು. “ಮುಂಜಾನೆನೂ ಬಿದ್ದಿಲ್ಲ. ಹನ್ನೊಂದ ವರ್ಷದಾಗ ಓಣಿ ಕೇಸಿಗೆ ಒಮ್ಮಿನೂ ಬಿದ್ದಿಲ್ರಿ. ನಾ ಬೆನ್ನ ಕೊಡ್ತೀನಿ, ನಾ ಲಾಠಿ ಬಡೀತೀನಿ.”

“ಫಕೀರವ್ವ!” ಎಂದರು ಪಶುಪತಿ.

“ಮುಂಜಾನೆ ಹಿತ್ತಲ ಬಾಗಿಲಿಂದ ಹೋದವರನ್ನ ತಂದು ಒಳಗ ಕೂಡಸ್ರಿ ಸಾಹೇಬ್ರ, ಈಗ ಬೀಳತೈತಿ. ಅವರ ಚಪ್ಪಲಿ ಗುರುಪಾದಪ್ಪನ ಕಾಲಾಗ ಅದಾವು.” ಗುರುಪಾದಪ್ಪ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಮುಚ್ಚಿಕೊಳ್ಳಲು ನೋಡಿದ.

ಇನಾಮದಾರರಿಗೆ ನಿದ್ದೆ ಹಾರಿತು. ಆದರೆ ಅವರಿಗೆ ಬಂದ ಕೋಪ ನನ್ನ ಮೇಲೆ. ಇಷ್ಟು ವರ್ಷ ತಾವು ಒತ್ತಿದ ಮುದ್ರೆಗಳೆಲ್ಲ ಕಣ್ಣ ಮುಂದೆ ಸುಳಿದಿರಬೇಕು. “ಬಾಯಿಗೆ ಬಂದಂಗ ಮಾತಾಡಬ್ಯಾಡ. ಬಾಗಿಲದಾಗ ದೋಷ ಅದನೋ ಇಲ್ಲೋ, ನಾನ ನೋಡ್ತೀನಿ. ಇವರನ್ನ ಹೊರಗ ಕರೀರಿ” ಎಂದರು. ಕಸ್ತೂರಿ ಮುದುಕಿಯ ಕೈ ಹಿಡಿದು ಹೊರಗೆ ಬಂದಳು, ಹಿಂದೆಯೇ ಕ್ಯಾನು ಎತ್ತಿಕೊಂಡು ಅಡಿವೆಪ್ಪ. ಇನಾಮದಾರರು ಒಳಗೆ ಹೋಗಿ ಬಿಜಾಗರಿ ಅಲುಗಾಡಿಸಿದರು. “ಪಶುಪತಿ, ಇಲ್ಲೆ ಬರ್ರಿ. ಎಲ್ಲಿ ಸಡಿಲ ಅದ, ತೋರಸ್ರಿ.” ಪಶುಪತಿ ಒಳಗೆ ಹೋದರು. “ನೀನೂ ಬಾರವಾ. ಲಾಠಿ ಎಲ್ಲಿ ಬಡೀತಿದ್ದಿ? ಒಳಗಿನಿಂದ ಆ ಜಾಗಾ ತೋರಸು.”

ನಾನು ಒಳಗೆ ಕಾಲಿಟ್ಟೆ.

ಬಾಗಿಲು ಮುಲುಗಲಿಲ್ಲ. ಎಣ್ಣೆ ಬಿಟ್ಟ ಹಾಗೆ ತಾನೇ ಬಂದು ಕೂತಿತು. ಖಟ್.

ನಿಜವಾದ ಸದ್ದು ಒಳಗಿನಿಂದ ಕೇಳಿದರೆ ಎಷ್ಟು ಬೇರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಲಾಠಿಯ ಸದ್ದು ಅದರ ಮುಂದೆ ತಗಡಿನ ಡಬ್ಬಿ. ಪಶುಪತಿ ಎರಡೂ ಕೈಯಿಂದ ಸರಳು ಹಿಡಿದು ಜಗ್ಗಿದರು. ಇನಾಮದಾರರು ಭುಜ ಕೊಟ್ಟು ನೂಕಿದರು. ಮೌನೇಶಪ್ಪ ಹೇಳಿದ್ದು ನಿಜ, ಬಾಗಿಲು ಸರಿಯಾಗಿಯೇ ಇತ್ತು.

“ಇದ್ಯಾಕೆ ಬಿತ್ತು?” ಎಂದರು ಪಶುಪತಿ, ಬೆವರು ಒರೆಸುತ್ತ. “ನಾವೇನ್ ಮಾಡಿದೀವಿ?”

“ಮುಂಜಾನೆ ಸುಳ್ಳ ಡೈರಿ ನೀವ್ ಹೇಳಿದ್ರಿ, ನಾ ಬರದೆ” ಎಂದೆ ನಾನು. ಮುಂದಿನದನ್ನು ಇನಾಮದಾರರೇ ನೆಲ ನೋಡುತ್ತ ಹೇಳಿದರು.

“ನಾ ಮುದ್ರಿ ಒತ್ತಿದೆ. ಲಾಠಿ ಸದ್ದು ಯಾವುದು, ಚಿಲಕದ ಸದ್ದು ಯಾವುದು, ನನಗ ತಿಳೀತಿರಲಿಲ್ಲ ಅಂತ ಅಲ್ಲ.” ಅಷ್ಟು ಹೇಳಿ ಅವರು ಕಸ್ತೂರಿ ಹಾಸಿಬಿಟ್ಟಿದ್ದ ಚಾಪೆಯ ಮೇಲೆ ಭಾರವಾಗಿ ಕೂತರು.

ಹೊರಗೆ ಕಸ್ತೂರಿ ನಮ್ಮನ್ನು ಬಹಳ ಹೊತ್ತು ನೋಡಿದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. “ಚಿಲಕಾ ತಗಿ” ಎಂದರು ಇನಾಮದಾರರು. ಗುರುಪಾದಪ್ಪ ಮುಂದೆ ಬಂದ. ಕಸ್ತೂರಿ ಅವನನ್ನು ತಡೆದಳು. “ಡೈರ್ಯಾಗ ಬರೀದ ತಗಿಯೂದ ಹೆಂಗ್ರಿ? ಎರಡ ಸಲ ಇದರೊಳಗ ಕುಂತು ಕಲ್ತೀನಿ. ಮೊದಲ ಬರೀಬೇಕು, ಆಮ್ಯಾಲ ಸಹಿ, ಆಮ್ಯಾಲ ಜಾಮೀನು.” ಮೇಜಿನ ಮೇಲಿದ್ದ ಡೈರಿಯನ್ನೂ ಪೆನ್ನನ್ನೂ ತಂದು ಸರಳಿನ ಸಂದಿಯಿಂದ ನನ್ನ ಕೈಗೆ ಕೊಟ್ಟಳು. “ಬರಿ ಅಕ್ಕಾ.”

ಗುರುಪಾದಪ್ಪ ಯಾರ ಮಾತು ಕೇಳಬೇಕೆಂದು ತಿಳಿಯದೆ ನಮ್ಮನ್ನೂ ಅವಳನ್ನೂ ನೋಡಿದ. ಕೊನೆಗೆ ಚಪ್ಪಲಿ ಬಿಚ್ಚಿ ಮೇಜಿನ ಮೇಲೆ ಇಟ್ಟು, ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತ.

ನಾನು ಬರೆದೆ. ಬೆಳಗಿನ ನಮೂದು ಸುಳ್ಳು. ಹೇಳಿದವರು ಇನ್‌ಸ್ಪೆಕ್ಟರ್ ಪಶುಪತಿ, ಬರೆದವಳು ಪೇದೆ ಫಕೀರವ್ವ, ಮುದ್ರೆ ಒತ್ತಿದವರು ಮ್ಯಾಜಿಸ್ಟ್ರೇಟ್ ಇನಾಮದಾರ. ಹಿತ್ತಲ ಬಾಗಿಲಿನಿಂದ ಹೋದವರು ಸತ್ಕಾರ ಸಮಿತಿಯ ಅಧ್ಯಕ್ಷರು, ಹಗಲು ಹತ್ತು ಗಂಟೆ, ಬಿಸಿಲಿತ್ತು, ಅಪರಿಚಿತರಲ್ಲ. ಚಿಲಕ ಬಿದ್ದಿದೆ. ಪೆನ್ನು ಒಂದು ಸಲವೂ ನಿಲ್ಲಲಿಲ್ಲ. ನನ್ನ ನೌಕರಿ ಈ ಸಾಲಿನೊಂದಿಗೆ ಹೋಯಿತು ಎಂಬುದು ತಿಳಿದೇ ಇತ್ತು; ಹೋದರೆ ಬೆನ್ನಾದರೂ ಉಳಿಯುತ್ತದೆ ಎಂದುಕೊಂಡೆ. ಪಶುಪತಿ ಓದಿ, ಬಾಯಿ ತೆರೆದು, ಚಿಲಕವನ್ನು ನೋಡಿ, ಸಹಿ ಹಾಕಿದರು. ಇನಾಮದಾರರು ಸಹಿ ಹಾಕಿ, ಜೇಬಿನಿಂದ ಗಡಿಪಾರಿನ ಹುಕುಮು ತೆಗೆದು, ಅದರ ಮೇಲೆ ಉದ್ದಕ್ಕೂ ಗೆರೆ ಎಳೆದು ‘ರದ್ದು’ ಎಂದು ಬರೆದು ಸರಳಿನ ಆಚೆ ಚಾಚಿದರು. ಅಡಿವೆಪ್ಪನ ಹೆಸರನ್ನೂ ಹೊಡೆದರು. ಆತ ಕೈ ಮುಗಿದು, “ಸಾಹೇಬ್ರ, ಹಾಲು?” ಎಂದ. ಅಷ್ಟರಲ್ಲಿ ಅದು ಒಡೆದಿತ್ತು.

ಕಸ್ತೂರಿ ಕಾಗದವನ್ನು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಳು. “ಜಾಮೀನು ಯಾರ್ ಕೊಡ್ತಾರ ನೋಡ್ರಿ. ನಾವ್ ಕೊಟ್ರ ನಡಿಯೂದಿಲ್ಲ, ನಮ್ಮ ಸಹಿಗೆ ಬೆಲಿ ಇಲ್ಲಂತ ಹಿಂದಿನ ಸಾಹೇಬ್ರ ಹೇಳ್ಯಾರ” ಎಂದು ಪಶುಪತಿಯವರಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಕೂಜಾದಿಂದ ಒಂದು ಲೋಟ ನೀರು ಬಗ್ಗಿಸಿ ಸರಳಿನ ಸಂದಿಯಿಂದ ಕೊಟ್ಟಳು. ಬೈಯಲಿಲ್ಲ.

ತಾರಾಬಾಯಿ ಇನ್ನೂ ಠಾಣೆಯ ನಡುವೆ ಕೈ ಚಾಚಿ ನಿಂತಿದ್ದಳು. “ಏನಾತಬೇ? ಇಲ್ಲಿಂದ ಹೊಸ್ತಿಲಕ್ಕ ಎಷ್ಟ ಹೆಜ್ಜಿ? ಹದಿನೆಂಟ, ಬಲಕ್ಕ, ಹನ್ನೆರಡ...”

“ಎಣಸಬ್ಯಾಡಬೇ” ಎಂದಳು ಕಸ್ತೂರಿ. ಮುದುಕಿಯ ಕೈ ಎತ್ತಿ ತನ್ನ ಹೆಗಲ ಮೇಲೆ ಇಟ್ಟುಕೊಂಡಳು. “ನಾ ಅದೀನಲ್ಲ.”

ಅವರಿಬ್ಬರೂ ರಸ್ತೆಗೆ ಇಳಿದು ಹೋಗುವುದು ಕಿಟಕಿಯಿಂದ ಕಾಣಿಸುತ್ತಿತ್ತು. ಇನಾಮದಾರರು ಚಾಪೆಯ ಮೇಲೆ, ಪಶುಪತಿ ಅಡಿವೆಪ್ಪ ಕೂತಿದ್ದ ಮೂಲೆಯಲ್ಲಿ. ನಾನು ಎದುರಿನ ಗೋಡೆಗೆ ಹೋಗಿ, ತಣ್ಣಗಿನ ಸುಣ್ಣಕ್ಕೆ ಪೂರ್ತಿ ಒರಗಿ, ಕಾಲು ಚಾಚಿ ಕೂತೆ. ಎದುರಿಗೆ ಬಾಗಿಲು ಗಟ್ಟಿಯಾಗಿ ನಿಂತಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಓಣಿಯ ಕೇಸಿನ ದಿನವೂ, ಅದಕ್ಕೆ ನನ್ನ ಬೆನ್ನು ಬೇಕಾಗಿರಲಿಲ್ಲ.